ದುಃಖಕ್ಕೂ ಸಂತೋಷಕ್ಕೂ ಒಂದೇ ಪುಟ: ನನ್ನ ಅನುಭವ

ನನ್ನ ತಮ್ಮ ತೀರಿಕೊಂಡು ಆರು ವರ್ಷಗಳಾದವು. ಸಮಾಧಿಯ ಆರಾಧನೆ ಮುಗಿದ ಕೂಡಲೇ ಹಲವರು ನನ್ನ ಕೈ ಹಿಡಿದು, ಅವನು ಕರ್ತನ ಬಳಿಯಲ್ಲಿದ್ದಾನೆ, ಅಳಬೇಡಿ ಎಂದರು. ಆ ಮಾತಿನ ಮೊದಲ ಅರ್ಧವನ್ನು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ಎರಡನೆಯ ಅರ್ಧವನ್ನು ಪಾಲಿಸಲು ಹೋಗಿ ಸುಮಾರು ಒಂದು ವರ್ಷ ಒಳಗೊಳಗೇ ಒಣಗಿಹೋದೆ. ಯಾರು ಏನು ಕೇಳಿದರೂ ‘ದೇವರ ಚಿತ್ತ’ ಎಂದು ಹೇಳಿ ಮಾತು ಮುಗಿಸುತ್ತಿದ್ದೆ. ಭಾನುವಾರದ ಆರಾಧನೆಯಲ್ಲಿ ಸ್ತುತಿಗೀತೆ ಆರಂಭವಾದಾಗ ತುಟಿಗಳು ಅಲುಗಾಡುತ್ತಿದ್ದವು, ಸ್ವರ ಗಂಟಲಿನಲ್ಲೇ ಉಳಿಯುತ್ತಿತ್ತು. ಬರಬರುತ್ತಾ ಒಬ್ಬನೇ ಮೊಣಕಾಲೂರಿದಾಗಲೂ ಪ್ರಾರ್ಥನೆಗೆ ಮಾತು ಹುಟ್ಟದಾಯಿತು. ಅದುಮಿಟ್ಟ ಅಳು ದೇವರೊಡನೆ ಆಡುವ ಮಾತನ್ನೂ ತಡೆದು ನಿಲ್ಲಿಸುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಯಾವಾಗಲೂ ಕರ್ತನಲ್ಲಿ ಸಂತೋಷಿಸಿರಿ ಎಂಬ ವಾಕ್ಯವೇ ನನ್ನನ್ನು ಕಾಡುತ್ತಿದ್ದುದರಿಂದ, ಅದು ಬರುವ, ಬೈಬಲ್ಲಿನ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯನ್ನು ಒಂದು ಸಂಜೆ ಮೊದಲಿನಿಂದ ಕೊನೆಯವರೆಗೆ ಒಂದೇ ಸಲ ಓದಿದೆ. ನಾಲ್ಕೇ ಅಧ್ಯಾಯಗಳ, 104 ವಚನಗಳ ಪತ್ರಿಕೆ ಅದು. ಯೇಸುವಿನ ಸುವಾರ್ತೆಯನ್ನು ಸಾರಿದ ಪೌಲನು ಅದನ್ನು ಸೆರೆಯಲ್ಲಿದ್ದು ಬರೆದನು. ನಾಲ್ಕನೆಯ ಅಧ್ಯಾಯದ ಆ ಆಜ್ಞೆಗೆ ಬರುವ ಮೊದಲೇ, ಎರಡನೆಯ ಅಧ್ಯಾಯದ 27ನೆಯ ವಚನದಲ್ಲಿ ನಾನು ನಿಂತುಬಿಟ್ಟೆ. ಕಾಯಿಲೆಯಿಂದ ಸಾಯುವ ಸ್ಥಿತಿಗೆ ಬಂದಿದ್ದ ತನ್ನ ಜೊತೆಕೆಲಸದವನಾದ ಎಪಫ್ರೊದೀತನನ್ನು ದೇವರು ಕರುಣಿಸಿದನು, ನನಗೆ ದುಃಖದ ಮೇಲೆ ದುಃಖ ಬಾರದಂತೆ ನನ್ನನ್ನೂ ಕರುಣಿಸಿದನು ಎಂದು ಪೌಲನು ಅಲ್ಲಿ ಹೇಳುತ್ತಾನೆ. ದುಃಖದ ಮೇಲೆ ದುಃಖ ಎಂದರೆ ಒಂದು ದುಃಖ ಆಗಲೇ ಅವನಲ್ಲಿತ್ತು ಎಂದಾಯಿತು. ಸಂತೋಷಿಸಿರಿ ಎಂದು ಬರೆದ ಕೈಯೇ ಇದನ್ನೂ ಬರೆದಿತ್ತು. ಎಷ್ಟೋ ಸಲ ಓದಿದ್ದ ಪತ್ರಿಕೆಯಲ್ಲಿ ಈ ವಚನ ನನ್ನ ಕಣ್ಣಿಗೆ ಬಿದ್ದದ್ದು ಆ ಸಂಜೆಯೇ. ಬಹಳ ದಿನಗಳ ಮೇಲೆ ನಾನು ಅತ್ತದ್ದೂ ಅಂದೇ.

ಮರುದಿನದಿಂದ ಬೆಳಗಿನ ಪ್ರಾರ್ಥನೆಗೆ ಬೈಬಲ್ಲಿನ 13ನೆಯ ಕೀರ್ತನೆಯನ್ನು ಹಿಡಿದುಕೊಂಡೆ. ಆರೇ ವಚನಗಳ ಕೀರ್ತನೆ. ಮೊದಲ ಎರಡು ವಚನಗಳಲ್ಲಿಯೇ ‘ಇನ್ನೆಷ್ಟು ಕಾಲ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ, ಐದನೆಯ ವಚನದಲ್ಲಿ ದನಿ ಭರವಸೆಯ ಕಡೆಗೆ ತಿರುಗುತ್ತದೆ. ಆ ತಿರುವನ್ನು ಮುಟ್ಟಲು ನಾನು ಅವಸರಪಡಲಿಲ್ಲ. ಮೊದಲ ಎರಡು ವಚನಗಳನ್ನು ಮಾತ್ರ ಗಟ್ಟಿಯಾಗಿ ಓದಿ, ತಮ್ಮನ ಹೆಸರು ಹೇಳಿ, ಸುಮ್ಮನೆ ಕುಳಿತಿರುತ್ತಿದ್ದೆ. ಹೀಗೆ ಏಳೆಂಟು ವಾರಗಳು ನಡೆದವು. ಹೀಗೆ ನಿಲ್ಲುವುದು ಅವಿಶ್ವಾಸವೇನೋ ಎಂಬ ಭಯ ಬಂದಾಗ 88ನೆಯ ಕೀರ್ತನೆ ನನ್ನನ್ನು ಕಾಯಿತು. ಅದು ಕತ್ತಲಿನ ಮಾತಿನಲ್ಲಿಯೇ ಮುಗಿಯುತ್ತದೆ, ಆದರೂ ಅದನ್ನು ಯಾರೂ ಪವಿತ್ರಗ್ರಂಥದಿಂದ ತೆಗೆದುಹಾಕಲಿಲ್ಲ. ಅಲ್ಲಿ ಗೋಳಿಡುವವನು ದೇವರನ್ನು ಕುರಿತೇ ಗೋಳಿಡುತ್ತಾನೆ. ಅಷ್ಟು ಮಾಡುವುದಕ್ಕೂ ಸಾಕಷ್ಟು ನಂಬಿಕೆ ಬೇಕು ಎಂಬುದು ನನ್ನ ಅಭಿಪ್ರಾಯ.

ದುಃಖಕ್ಕೆ ಜಾಗ ಕೊಟ್ಟ ಮೇಲೆ ನನಗೆ ಹೆಚ್ಚು ಕಷ್ಟವಾದದ್ದು ಸಂತೋಷ. ಒಂದು ನೋಟ್‌ಬುಕ್‌ನಲ್ಲಿ ಗೆರೆ ಎಳೆದು, ಎಡಕ್ಕೆ ಆ ದಿನದ ದುಃಖವನ್ನೂ ಬಲಕ್ಕೆ ಕೃತಜ್ಞತೆಯನ್ನೂ ಬರೆಯತೊಡಗಿದ್ದೆ. ಕೆಲವೇ ದಿನಗಳಲ್ಲಿ ಅದು ಜಮಾಖರ್ಚಿನ ಪುಸ್ತಕವಾಯಿತು. ಎಡಗಡೆ ಮೂರು ಸಾಲುಗಳಿದ್ದರೆ ಬಲಗಡೆಗೂ ಮೂರನ್ನು ಹುಡುಕಿ ತುಂಬಿಸುತ್ತಿದ್ದೆ. ಹೀಗಿರುವಾಗ ಒಂದು ಮಧ್ಯಾಹ್ನ ತಮ್ಮನ ನಾಲ್ಕು ವರ್ಷದ ಮಗಳು ಅಪ್ಪ ಸೀನುತ್ತಿದ್ದ ರೀತಿಯನ್ನು ಮಾಡಿ ತೋರಿಸಿದಳು. ಮೊದಲು ಕಣ್ಣು ಕಿರಿದು ಮಾಡಿ, ಬಲಗೈಯನ್ನು ಮೇಲಕ್ಕೆತ್ತಿ, ಎಲ್ಲರೂ ಸುಮ್ಮನಿರಿ ಎಂಬಂತೆ ಒಂದು ಕ್ಷಣ ಕಾದು, ಆಮೇಲೆ ಒಂದರ ಹಿಂದೆ ಒಂದರಂತೆ ಮೂರು ಸೀನು, ಅವನದೇ ಪಡಿಯಚ್ಚು. ನಾನೂ ನನ್ನ ತಾಯಿಯೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗು ಯಾವ ಘಳಿಗೆಯಲ್ಲಿ ಅಳುವಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ರಾತ್ರಿ ನೋಟ್‌ಬುಕ್ ತೆರೆದಾಗ ಅದನ್ನು ಗೆರೆಯ ಯಾವ ಕಡೆಗೆ ಬರೆಯಬೇಕೆಂದು ಬಗೆಹರಿಯದೆ ಬಹಳ ಹೊತ್ತು ಕುಳಿತಿದ್ದು, ಕೊನೆಗೆ ಗೆರೆಯ ಮೇಲೆಯೇ ಪುಟದ ಉದ್ದಗಲಕ್ಕೂ ಬರೆದೆ. ಅಂದಿನಿಂದ ಗೆರೆ ಎಳೆದಿಲ್ಲ.

ಕೆಲವು ತಿಂಗಳುಗಳ ಮೇಲೆ ಬೈಬಲ್ಲಿನ ಎಜ್ರನ ಗ್ರಂಥದ ಮೂರನೆಯ ಅಧ್ಯಾಯವನ್ನು ಓದುವಾಗ ಆ ಮಧ್ಯಾಹ್ನ ಮತ್ತೆ ನೆನಪಾಯಿತು. ಬಾಬೆಲಿನ ಸೆರೆಯಿಂದ ಹಿಂದಿರುಗಿದ ಯೆಹೂದ್ಯರು ಯೆರೂಸಲೇಮಿನಲ್ಲಿ ದೇವಾಲಯಕ್ಕೆ ಹೊಸದಾಗಿ ಅಸ್ತಿವಾರ ಹಾಕುತ್ತಾರೆ. ಸುಮಾರು 50 ವರ್ಷಗಳ ಹಿಂದೆ ನಾಶವಾದ ಮೊದಲಿನ ಆಲಯವನ್ನು ಕಂಡಿದ್ದ ಮುದುಕರು ಗಟ್ಟಿಯಾಗಿ ಅಳುತ್ತಾರೆ, ಇತರರು ಹರ್ಷದಿಂದ ಆರ್ಭಟಿಸುತ್ತಾರೆ, ಯಾವುದು ಹರ್ಷಧ್ವನಿ ಯಾವುದು ಅಳುವಿನ ಧ್ವನಿ ಎಂದು ಜನರಿಗೆ ಗೊತ್ತಾಗುವುದಿಲ್ಲ. ಮುದುಕರ ಅಳುವನ್ನು ಅಲ್ಲಿ ಯಾರೂ ಸುಮ್ಮನಾಗಿಸಿದಂತೆ ಕಾಣುವುದಿಲ್ಲ. ಆ ಸಭೆಯಲ್ಲಿ ನಾನೂ ನಿಂತಿದ್ದೆನೆಂದು ಅನ್ನಿಸಿತು.

ಈಸ್ಟರ್‌ಗೆ ಮುಂಚೆ ಉಪವಾಸ ಮಾಡುವ ತಪಸ್ಸುಕಾಲವೂ ನನಗೆ ಆಗ ಬೇರೆಯಾಗಿ ಕಾಣಿಸಿತು. ಬೂದಿ ಬುಧವಾರದಿಂದ ಈಸ್ಟರ್‌ನ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನಗಳಾಗುತ್ತವೆ. ಉಪವಾಸದ ಲೆಕ್ಕಕ್ಕೆ ಬರುವುದು 40 ಮಾತ್ರ, ಏಕೆಂದರೆ ನಡುವಿನ ಆರು ಭಾನುವಾರಗಳು ಯೇಸುವಿನ ಪುನರುತ್ಥಾನವನ್ನು ನೆನೆಯುವ ದಿನಗಳು. ದುಃಖದ ಕಾಲ ಮುಗಿಯಲಿ, ಆಮೇಲೆ ಸಂತೋಷಪಡೋಣ ಎಂದು ಹಿರಿಯರು ಕಾಯಲಿಲ್ಲ. ನಾನೂ ಭಾನುವಾರಗಳನ್ನು ಹಾಗೆಯೇ ಆಚರಿಸತೊಡಗಿದೆ: ಮನಸ್ಸು ಎಷ್ಟೇ ಕುಗ್ಗಿದ್ದರೂ ಆ ದಿನ ಎದ್ದು ನಿಂತು ಹಾಡುವುದು. ಸ್ವರ ಬಾರದಿದ್ದರೆ ಪಕ್ಕದವರ ಹಾಡನ್ನು ನನ್ನ ಹಾಡೆಂದು ಕೇಳಿಸಿಕೊಂಡು ನಿಲ್ಲುತ್ತಿದ್ದೆ.

ಈಗ ಸಾವಿನ ಮನೆಗೆ ಹೋದಾಗ ನಾನು ಅಳಬೇಡಿ ಎನ್ನುವುದಿಲ್ಲ. ಸತ್ತಿದ್ದ ಗೆಳೆಯ ಲಾಜರನನ್ನು ಬದುಕಿಸಿ ಎಬ್ಬಿಸಲಿಕ್ಕೆಂದೇ ಹೊರಟು ಬಂದಿದ್ದ ಯೇಸುವೂ ಅವನ ಸಮಾಧಿಗೆ ಹೋಗುವ ದಾರಿಯಲ್ಲಿ ಕಣ್ಣೀರು ಬಿಟ್ಟನು. ಪಕ್ಕದಲ್ಲಿ ಕುಳಿತು, ತೀರಿಕೊಂಡವರು ಹೇಗೆ ನಗುತ್ತಿದ್ದರು ಎಂದು ಮೆಲ್ಲಗೆ ಕೇಳುತ್ತೇನೆ. ಕೆಲವರು ಹೇಳುತ್ತಾರೆ, ಕೆಲವರಿಗೆ ಇನ್ನೂ ಆಗುವುದಿಲ್ಲ. ಆಗ ಸುಮ್ಮನೆ ಕುಳಿತಿರುತ್ತೇನೆ. 13ನೆಯ ಕೀರ್ತನೆಯನ್ನು ಈಗ ಹೆಚ್ಚಿನ ದಿನಗಳಲ್ಲಿ ಆರನೆಯ ವಚನದವರೆಗೂ ಓದುತ್ತೇನೆ. ತಮ್ಮನ ಹುಟ್ಟುಹಬ್ಬದ ದಿನ ಮಾತ್ರ ಎರಡನೆಯ ವಚನಕ್ಕೆ ನಿಲ್ಲುತ್ತೇನೆ, ಮತ್ತು ಸಂಜೆ ಅವನ ಮಗಳಿಗೆ ಆ ಸೀನನ್ನು ಇನ್ನೊಮ್ಮೆ ಮಾಡಿ ತೋರಿಸಲು ಹೇಳುತ್ತೇನೆ.