‘ಇಸು’ ಪ್ರತ್ಯಯ ಹಿಡಿದು ಇಂಗ್ಲಿಷ್ ಕ್ರಿಯಾಪದ ಕಲಿಸಿದ ನನ್ನ ಅನುಭವ

ಇಂಗ್ಲಿಷ್ ತರಗತಿಯೊಳಗೆ ಕನ್ನಡವನ್ನು ಬಿಟ್ಟುಕೊಂಡರೆ ವಿದ್ಯಾರ್ಥಿಗಳು ಕೆಟ್ಟುಹೋಗುತ್ತಾರೆ ಎಂದು ನನ್ನ ಸಹೋದ್ಯೋಗಿಗಳಲ್ಲಿ ಹಲವರು ಇಂದಿಗೂ ನಂಬಿದ್ದಾರೆ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ, ದಾವಣಗೆರೆಯ ನನ್ನ ಸಂಜೆಯ ಬ್ಯಾಚಿಗೆ ಬಂದು ಬ್ಯಾಂಕ್ ಪರೀಕ್ಷೆಗೆ ಸಿದ್ಧರಾಗುವವರು ರೈಜ್–ರೇಜ್, ಲರ್ನ್–ಟೀಚ್, ರಿಮೆಂಬರ್–ರಿಮೈಂಡ್ ಜೋಡಿಗಳಲ್ಲಿ ಈಗ ಎಡವುವುದು ಅಪರೂಪ. ಇದು ಕನ್ನಡದಿಂದಲೇ ಆದ ಕೆಲಸ.

ಅದಕ್ಕೆ ಮೊದಲು ಹಣ ಹೋದ ದಾರಿಯನ್ನು ಹೇಳಬೇಕು. ಬಣ್ಣದ ಚಿತ್ರಗಳ ಕಾರ್ಡುಗಳಿಗೆ ಎಂಟು ಸಾವಿರದ ಆಸುಪಾಸು ಹೋಯಿತು; ಒಬ್ಬ ಮಲಗಿರುವುದನ್ನೂ ತಾಯಿ ಮಗುವನ್ನು ಮಲಗಿಸುವುದನ್ನೂ ಚಿತ್ರದಲ್ಲಿ ತೋರಿಸಬಹುದಾದರೂ, ವಾಕ್ಯದಲ್ಲಿ ಕರ್ಮಪದ ಇರಬೇಕೋ ಬೇಡವೋ ಎಂಬುದನ್ನು ಯಾವ ಚಿತ್ರವೂ ಹೇಳುವುದಿಲ್ಲ. ಬಳಿಕ ಹದಿನೈದು ಸಾವಿರದಷ್ಟು ಕೊಟ್ಟು ಹಳೆಯ ಪ್ರೊಜೆಕ್ಟರ್ ತಂದೆ. ಅದು ಈಗ ಬೀರುವಿನ ಮೇಲಿದೆ. ಪಟ್ಟಿ ಬಾಯಿಪಾಠ ಮಾಡಿಸಲು ಕಾಸಿನ ಖರ್ಚಿರಲಿಲ್ಲ, ಆದರೆ ಶನಿವಾರ ಒಪ್ಪಿಸಿದ್ದು ಸೋಮವಾರಕ್ಕೆ ಉಳಿಯುತ್ತಿರಲಿಲ್ಲ. ತಿಂಗಳಿಗೆ ಏಳುನೂರು ರೂಪಾಯಿ ಶುಲ್ಕದ ಬ್ಯಾಚಿನಲ್ಲಿ ಅರ್ಧದಷ್ಟು ಜನ ನಡುವೆಯೇ ಬಿಟ್ಟಾಗ ಕೋಣೆಯ ಬಾಡಿಗೆಯೂ ಹುಟ್ಟಲಿಲ್ಲ.

ಆಮೇಲೆ ಹಿಡಿದದ್ದು ನಮ್ಮ ‘ಇಸು’ ಪ್ರತ್ಯಯವನ್ನು. ಬೆಲೆ ಏರಿತು ಎಂದರೆ ರೈಜ್, ಬೆಲೆ ಏರಿಸಿದರು ಎಂದರೆ ರೇಜ್. ಕಲಿತರೆ ಲರ್ನ್, ಕಲಿಸಿದರೆ ಟೀಚ್. ನೆನಪಿದ್ದರೆ ರಿಮೆಂಬರ್, ನೆನಪಿಸಿದರೆ ರಿಮೈಂಡ್. ಮಲಗಿದರೆ ಲೈ, ಮಲಗಿಸಿದರೆ ಲೇ. ವಿದ್ಯಾರ್ಥಿ ಕನ್ನಡ ವಾಕ್ಯವನ್ನು ಬಾಯಿಬಿಟ್ಟು ಹೇಳಿ, ‘ಇಸು’ ಕಿವಿಗೆ ಬಿದ್ದರೆ ‘ಯಾರನ್ನು, ಏನನ್ನು’ ಎಂಬುದಕ್ಕೆ ಉತ್ತರವನ್ನು ಕ್ರಿಯಾಪದದ ಬೆನ್ನಿಗೇ ಇಡಬೇಕು. ಲೈ ಪದದ ಭೂತಕಾಲದ ರೂಪವೂ ಲೇ ಎಂದೇ ಆಗುವುದರಿಂದ ಅಲ್ಲಿ ಮಾತ್ರ ರೂಪಗಳನ್ನು ಉರು ಹೊಡೆಸದೆ ಬೇರೆ ದಾರಿಯಿಲ್ಲ. ಇಂಗ್ಲಿಷಿನ ಪೂರ್ವಜ ಭಾಷೆಯಲ್ಲೂ ‘ಇಸು’ವಿನಂಥ ಒಂದು ಪ್ರತ್ಯಯವಿತ್ತು, ಅದು ಸವೆದುಹೋದ ಮೇಲೆ ಉಳಿದ ಗುರುತುಗಳೇ ಸಿಟ್–ಸೆಟ್, ಫಾಲ್–ಫೆಲ್ (ಮರ ಬೀಳು–ಮರ ಬೀಳಿಸು), ಲೈ–ಲೇ ಜೋಡಿಗಳು ಎಂಬುದನ್ನು ಚುರುಕಾದ ಬ್ಯಾಚಿಗೆ ಹೇಳಿ ನೋಡಿದೆ, ಅವರಿಗೆ ಅದು ಕಥೆಯಂತೆ ರುಚಿಸಿತು, ಅಂಕಗಳಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ.

ಈ ಸೂತ್ರಕ್ಕೆ ತಕರಾರು ತೆಗೆದವಳು ಒಬ್ಬ ವಿದ್ಯಾರ್ಥಿನಿ. ‘ಸಾರ್, ಕೇಳಿಸು ಎಂಬುದರಲ್ಲೂ ಇಸು ಇದೆಯಲ್ಲ’ ಎಂದಳು. ‘ನನಗೆ ಕೇಳಿಸಿತು’ ಎನ್ನುವಾಗ ಯಾರೂ ಏನನ್ನೂ ಮಾಡಿಸಿರುವುದಿಲ್ಲ. ಅವಳ ಪ್ರಶ್ನೆಯಿಂದಲೇ ಎರಡನೆಯ ಸೂತ್ರ ಹುಟ್ಟಿತು. ‘ಕೇಳಿದೆ, ಆದರೆ ನನಗೆ ಕೇಳಿಸಲಿಲ್ಲ’ ಎಂಬಲ್ಲಿ ಮೊದಲನೆಯದು ಲಿಸನ್, ಎರಡನೆಯದು ಹಿಯರ್. ‘ನೋಡಿದೆ, ಆದರೆ ನನಗೆ ಕಾಣಲಿಲ್ಲ’ ಎಂಬಲ್ಲಿ ಲುಕ್ ಮತ್ತು ಸೀ. ನೋಡುತ್ತ ಕೂರುವುದಾದರೆ ವಾಚ್, ಅಷ್ಟೇ. ಅನುಭವಿಸುವವರಿಗೆ ಕನ್ನಡದಲ್ಲಿ ‘ನನಗೆ, ಅವಳಿಗೆ’ ಎಂಬ ರೂಪ ಬಂದರೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ‘ಇಂಗ್’ ಹಚ್ಚಬಾರದು. ನನಗೆ ಗೊತ್ತು, ನನಗೆ ಬೇಕು, ನನಗೆ ಇಷ್ಟ ಎಂಬ ಮೂರೇ ವಾಕ್ಯಗಳಿಂದ ‘ಐ ಆಮ್ ನೋಯಿಂಗ್’, ‘ಐ ಆಮ್ ವಾಂಟಿಂಗ್’ ಬಹುಮಟ್ಟಿಗೆ ನಿಂತವು. ‘ನನಗೆ ಹಸಿವಾಗುತ್ತಿದೆ’ ಎಂಬಂಥವು ಈ ಸೂತ್ರಕ್ಕೆ ಬಗ್ಗುವುದಿಲ್ಲ. ಅವನ್ನು ಮೊದಲ ವಾರ ನಾನು ತರಗತಿಗೆ ತರುವುದೇ ಇಲ್ಲ.

‘ಬಾರೋ ಮಿ ಯುವರ್ ಪೆನ್’ ಎಂಬ ತಪ್ಪಿಗೆ ಮದ್ದು ಆಡುಮಾತಿನಲ್ಲೇ ಸಿಕ್ಕಿತು: ಇಸ್ಕೊಂಡರೆ ಬಾರೋ, ಕೊಟ್ಟರೆ ಲೆಂಡ್. ಪುಸ್ತಕದ ಕನ್ನಡದಲ್ಲಿ ಹೇಳಿದಾಗ ತಲೆಗೆ ಹೋಗದಿದ್ದದ್ದು ‘ಇಸ್ಕೊ’ ಎಂದೊಡನೆ ಹೋಯಿತು.

‘ಹೇಳು’ ಮತ್ತು ‘ಮಾಡು’ ಮಾತ್ರ ನನಗೆ ನೆರವಾಗಲಿಲ್ಲ, ಏಕೆಂದರೆ ನಮ್ಮ ಒಂದೊಂದು ಪದ ಅವರ ಎರಡೆರಡನ್ನು ನುಂಗಿ ಕೂತಿದೆ. ಟೆಲ್ ಪದದ ಬೆನ್ನಿಗೇ ಕೇಳುವವರ ಹೆಸರು ಬರಬೇಕು, ಸೇ ಪದಕ್ಕೆ ಹಾಗೆ ಬಂದರೆ ನಡುವೆ ಟು ಬೇಕು ಎಂದು ಹೇಳಿಕೊಟ್ಟು, ಟೆಲ್ ದ ಟ್ರೂತ್, ಟೆಲ್ ಅ ಲೈ ಎಂಬವನ್ನು ಹೊರಗಿಟ್ಟು ಕಲಿಸುತ್ತೇನೆ. ಡೂ–ಮೇಕ್ ಜೋಡಿಗೆ ನಾನು ಕಟ್ಟಿಕೊಂಡಿರುವ ಆಟವೊಂದಿದೆ, ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಮುಂದಿನ ಬ್ಯಾಚಿನ ಶುಲ್ಕ ಹುಟ್ಟುವುದು ಅದರಿಂದಲೇ. ಈ ವಿಧಾನವನ್ನು ಎಲ್ಲರಿಗಿಂತ ಹೆಚ್ಚು ಹಳಿದ ಹಿರಿಯ ಶಿಕ್ಷಕರೊಬ್ಬರು ಕಳೆದ ಬೇಸಿಗೆಯಲ್ಲಿ ನನ್ನ ಅಭ್ಯಾಸ ಹಾಳೆಗಳ ಜೆರಾಕ್ಸ್ ಕೇಳಿ ಪಡೆದರು; ಡೂ–ಮೇಕ್ ಹಾಳೆಯನ್ನು ತೆಗೆದಿಟ್ಟುಕೊಂಡು ಉಳಿದವನ್ನು ಕೊಟ್ಟೆ.