ಊರ ಪಕ್ಕ ಗಣಿ ಬರುವ ಮುನ್ನ: ಪರಿಸರ ವರದಿ ಓದುವುದು ಹೇಗೆ?

ಊರ ಪಕ್ಕ ಗಣಿಯೋ ಕಾರ್ಖಾನೆಯೋ ಬರುವ ಸುದ್ದಿ ಮೊದಲು ಮುಟ್ಟುವುದು ಚಹಾದಂಗಡಿಗೆ. ಆಮೇಲೆ ಒಂದು ದಿನ ಪೇಪರಿನಲ್ಲಿ ಸಣ್ಣ ಅಕ್ಷರದ ಪ್ರಕಟಣೆ ಬರುತ್ತದೆ: ‘ಪರಿಸರ ಸಾರ್ವಜನಿಕ ಆಲಿಕೆ ಸಭೆ’. ಅದನ್ನು ಕತ್ತರಿಸಿ ಇಟ್ಟುಕೊಳ್ಳಿ. 2006ರ ಕೇಂದ್ರ ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲು ಜನರಿಗೆ ತಿಳಿಸಬೇಕು. ನಿಮಗಿರುವುದು ಆ 30 ದಿನ. (ಎಲ್ಲ ಯೋಜನೆಗೂ ಸಭೆ ಇರುವುದಿಲ್ಲ. ಪರಿಸರ ವರದಿಯೇ ಬೇಕಿಲ್ಲದ ‘ಬಿ2’ ವರ್ಗದವಕ್ಕೆ ಇಲ್ಲ.)

ಮೊದಲು ವರದಿ ತನ್ನಿ

ಯೋಜನೆಯಿಂದ ಪರಿಸರಕ್ಕೆ ಏನಾಗಬಹುದು ಎಂದು ಕಂಪನಿ ಮಾಡಿಸಿದ ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ನೋಡಲು ಸಿಗಬೇಕು. ಸಾಮಾನ್ಯವಾಗಿ ಕನ್ನಡದಲ್ಲಿರುವುದು ಸಾರಾಂಶ ಮಾತ್ರ, ದಪ್ಪ ವರದಿ ಇಂಗ್ಲಿಷಿನಲ್ಲಿ. ಗದ್ದೆ ಕಳೆದುಕೊಳ್ಳುವವರು ಕನ್ನಡ ಓದುವವರು, ಇದು ನ್ಯಾಯವಲ್ಲ. ಆದರೂ ಸಾರಾಂಶಕ್ಕೇ ನಿಲ್ಲಬೇಡಿ. ಇಂಗ್ಲಿಷ್ ಬಲ್ಲ ಒಬ್ಬಿಬ್ಬರು ಹುಡುಗರನ್ನು ಜೊತೆಗೆ ಕೂರಿಸಿಕೊಳ್ಳಿ.

ಮೂರನೇ ಅಧ್ಯಾಯದಿಂದ ಶುರು ಮಾಡಿ

ವರದಿಗೆ ನಿಗದಿಯಾದ ಚೌಕಟ್ಟಿದೆ. 3ನೇ ಅಧ್ಯಾಯ ಈಗಿರುವ ಪರಿಸರದ ವಿವರ, 4 ಆಗಬಹುದಾದ ಹಾನಿ, 5 ಬೇರೆ ಜಾಗ ಅಥವಾ ಬೇರೆ ತಂತ್ರಜ್ಞಾನ ನೋಡಿದ್ದಾರೆಯೇ ಎಂಬುದು. ಮೂರನೆಯದೇ ಬುನಾದಿ. ಅಲ್ಲಿ ‘ಹಳ್ಳವಿಲ್ಲ’ ಎಂದು ಬರೆದಿದ್ದರೆ, ಮುಂದೆ ಹಳ್ಳಕ್ಕೆ ಹಾನಿಯೂ ಇಲ್ಲ, ಪರಿಹಾರವೂ ಇಲ್ಲ.

ಅಳತೆ ಮಾಡಿದ ತಿಂಗಳು ಯಾವುದು, ನೋಡಿ. ಗಣಿ, ಕಾರ್ಖಾನೆಯಂಥ ಹಲವು ಯೋಜನೆಗಳಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ಅಂಕಿಅಂಶ ಸಾಕು ಎನ್ನುತ್ತದೆ ನಿಯಮ. ಬೇಸಿಗೆಯಲ್ಲಿ ಬಂದು ಹೋದವರಿಗೆ ಮಲೆನಾಡಿನ ಹಳ್ಳ ಬರೀ ಕಲ್ಲಿನ ಸಾಲಾಗಿ ಕಾಣಬಹುದು. ಆಗಸ್ಟಿನಲ್ಲಿ ನೆಲದಿಂದ ಒಡೆಯುವ ಜಲ, ಮೊದಲ ಮಳೆಗೆ ಗದ್ದೆಗೆ ಏರುವ ಹತ್ತುಮೀನು, ರಾತ್ರಿಯಿಡೀ ಕೂಗುವ ಕಪ್ಪೆ ಅವರ ಪಟ್ಟಿಗೆ ಬರುವುದಾದರೂ ಹೇಗೆ? ಇದೆಲ್ಲ ನಿಮಗೆ ಗೊತ್ತಿದೆ.

ಮರ, ಪ್ರಾಣಿಗಳ ಪಟ್ಟಿಯನ್ನು ಊರಿನ ಹಿರಿಯರ ಮುಂದೆ ಗಟ್ಟಿಯಾಗಿ ಓದಿ. ಮಹಾರಾಷ್ಟ್ರದ ರತ್ನಗಿರಿಯ ಬಾಕ್ಸೈಟ್ ಗಣಿಯೊಂದರ ವರದಿಯಲ್ಲಿ ರಷ್ಯಾದ ಗಣಿಯ ವರದಿಯಿಂದ ನಕಲು ಮಾಡಿದ ಭಾಗಗಳು ಸಿಕ್ಕಿದ್ದವು. ಸುಮ್ನೆ ನಂಬಬಾರದು ಎನ್ನುವುದು ಇದಕ್ಕೇ.

ವರದಿ ಹಿಡಿದು ನಡೆಯಿರಿ

ನಕ್ಷೆ ಹಿಡಿದು ಜಾಗ ಸುತ್ತಿ. ಬಾವಿ, ಕೆರೆ, ಗೋಮಾಳ, ಶಾಲೆ, ದೇವರಕಾಡು ನಕ್ಷೆಯಲ್ಲಿ ಇವೆಯೇ? ಬಿಟ್ಟುಹೋದದ್ದರ ಫೋಟೊ ತೆಗೆಯಿರಿ. ದಿನಾಂಕ, ಸರ್ವೆ ನಂಬರ್ ಬರೆದುಕೊಳ್ಳಿ. ಬಾವಿಯಲ್ಲಿ ನೀರು ಎಷ್ಟು ಅಡಿಗಿದೆ, ಯಾವ ತಿಂಗಳು ಬತ್ತುತ್ತದೆ ಎಂದು ಮನೆಮನೆಯಲ್ಲಿ ಕೇಳಿ. ನೀರು ಹೊರುವ ಹೆಂಗಸರಿಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಸಭೆಯಲ್ಲಿ

ಸಭೆ ಏರ್ಪಡಿಸುವುದು ಮಾಲಿನ್ಯ ನಿಯಂತ್ರಣ ಮಂಡಳಿ, ನಡೆಸಿಕೊಡುವುದು ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಬಂದ ಹಿರಿಯ ಅಧಿಕಾರಿ. ಇಲ್ಲಿ ಮತ ಎಣಿಸುವುದಿಲ್ಲ, ತೀರ್ಮಾನವೂ ಆಗುವುದಿಲ್ಲ. ದಾಖಲಾದ ಮಾತು ಅನುಮತಿ ಕೊಡಬಹುದೇ ಎಂದು ನೋಡುವ ಪರಿಣತರ ಸಮಿತಿಗೆ ಹೋಗುತ್ತದೆ. ಹಾಗಾಗಿ ‘ಯೋಜನೆ ಬೇಡ’ ಎಂದಷ್ಟೇ ಕೂಗಿ ಬಂದರೆ ಕಡತದಲ್ಲಿ ಒಂದು ಸಾಲು ಉಳಿಯುತ್ತದೆ. ‘ವರದಿಯ ಇಂಥ ಪುಟದಲ್ಲಿ ಹಳ್ಳವಿಲ್ಲ ಎಂದಿದೆ, ಇಗೋ ಫೋಟೊ’ ಎಂದರೆ ಕಂಪನಿ ಅಂತಿಮ ವರದಿಯಲ್ಲಿ ಅದಕ್ಕೆ ಉತ್ತರ ಕೊಡಬೇಕು. ಕೋಪ ಬೇಡ ಎನ್ನುತ್ತಿಲ್ಲ. ಕೋಪದ ಜೊತೆ ಪುಟಸಂಖ್ಯೆಯೂ ಇರಲಿ.

ಮಾತಾಡಿದ್ದನ್ನೇ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು ಎಂಬ ನಿಯಮವಿದೆ. ಅದು ಮುಗಿಯುವವರೆಗೆ ಎದ್ದು ಹೋಗಬೇಡಿ. ನಿಮ್ಮ ಮಾತು ಬಿಟ್ಟುಹೋಗಿದ್ದರೆ ಅಲ್ಲೇ ಹೇಳಿ.

ಅನುಮತಿ ಸಿಕ್ಕ ಮೇಲೆ

ಅನುಮತಿ ಪತ್ರ ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಜಾಲತಾಣದಲ್ಲಿ ಸಿಗುತ್ತದೆ. ಆ ಅನುಮತಿ ನಿಮಗೆ ಒಪ್ಪಿಗೆಯಾಗದಿದ್ದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ 30 ದಿನದೊಳಗೆ ಮೇಲ್ಮನವಿ ಹಾಕಬೇಕು. ತಡಕ್ಕೆ ಸರಿಯಾದ ಕಾರಣವಿದ್ದರೆ ಇನ್ನೂ 60 ದಿನದವರೆಗೆ ಅವಕಾಶ ಸಿಗಬಹುದು. ನಮ್ಮ ರಾಜ್ಯಕ್ಕೆ ಚೆನ್ನೈ ಪೀಠ.

ಪತ್ರದಲ್ಲಿರುವ ಷರತ್ತುಗಳನ್ನು ಕನ್ನಡಕ್ಕೆ ಮಾಡಿ ಪಂಚಾಯಿತಿ ಗೋಡೆಗೆ ಅಂಟಿಸಿ. ಅವನ್ನು ಪಾಲಿಸಿದ ಬಗ್ಗೆ ಕಂಪನಿ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ವರದಿ ಸಲ್ಲಿಸಬೇಕು. ಅದನ್ನು ತರಿಸಿಕೊಂಡು, ನೀವು ಬರೆದಿಟ್ಟ ಬಾವಿಯ ಅಳತೆಯ ಪಕ್ಕ ಇಟ್ಟು ನೋಡಿ.