ಆಷಾಢಕ್ಕೊಂದು ಗುರಿ, ಮದುವೆ ಸೀಸನ್‌ಗೆ ಇನ್ನೊಂದು

78 ಕೆಜಿಯಿಂದ 70ಕ್ಕೆ ಬಂದಿದ್ದೇನೆ. ದೀಪಾವಳಿ ಆರ್ಡರ್‌ಗಳ ಗಡಿಬಿಡಿಯಲ್ಲೂ ತೂಕ ಅದರ ಆಸುಪಾಸಿನಲ್ಲೇ ನಿಂತಿದೆ. "ಹೊಲಿಗೆ ಮಷೀನ್ ಮುಂದೆ ಕೂರೋರಿಗೆ ತೂಕ ಇಳಿಯಲ್ಲ ಬಿಡು" ಅಂದ ನಮ್ಮ ಓರಗಿತ್ತಿಯೇ ಈಗ ನನ್ನ ನೋಟ್‌ಬುಕ್ ಕೇಳುತ್ತಿದ್ದಾಳೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಲೆಕ್ಕ. ಜಿಮ್‌ಗೆ ವರ್ಷದ ಫೀಸು ಸುಮಾರು ಒಂಬತ್ತು ಸಾವಿರ. ಮದುವೆ ಆರ್ಡರ್ ಶುರುವಾದ ಮೇಲೆ ಹೋಗಲು ಹೊತ್ತೇ ಸಿಗಲಿಲ್ಲ. ಊಟದ ಬದಲು ಕುಡಿಯುವ ಪುಡಿಗೆ ತಿಂಗಳಿಗೆ ನಾಲ್ಕು ಸಾವಿರದಂತೆ ಎರಡು ತಿಂಗಳು ಹೋಯಿತು. ಐದು ಕೆಜಿ ಇಳಿಯಿತು, ಪುಡಿ ಬಿಟ್ಟ ಮೇಲೆ ಆರು ಏರಿತು. ಕೊಬ್ಬಿನ ಶೇಕಡಾವಾರು ತೋರಿಸುವ ತಕ್ಕಡಿಗೆ ಎರಡು ಸಾವಿರ ಚಿಲ್ಲರೆ. ಒಣಗಾಲಲ್ಲಿ ನಿಂತರೆ ಒಂದು ಅಂಕಿ, ಕಾಲು ತೊಳೆದು ನಿಂತರೆ ಇನ್ನೊಂದು. ಅದನ್ನು ತಂಗಿಗೆ ಕೊಟ್ಟು, ಸಾವಿರದ ನೂರಕ್ಕೆ ಸಾದಾ ಡಿಜಿಟಲ್ ತಕ್ಕಡಿ ತಂದೆ. 25 ಕೆಜಿಯ ಸೀಲ್ ಒಡೆಯದ ಅಕ್ಕಿ ಚೀಲ ಇಟ್ಟು ಪರೀಕ್ಷಿಸಿದೆ. ಚಾಪೆಯ ಮೇಲಿಟ್ಟರೆ ತಪ್ಪು ತೋರಿಸುತ್ತದೆ, ಬರೀ ಕಲ್ಲುನೆಲದ ಮೇಲೆ ಸರಿಯಾಗಿದೆ.

ಗುರಿಯ ವಿಷಯಕ್ಕೆ ಬರುತ್ತೇನೆ. ನನ್ನ ಎತ್ತರ ಐದಡಿ ಎರಡಿಂಚು. ಭಾರತೀಯರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ನೋಡುವ ಅಂಕಿ) 23ರ ಒಳಗಿರಬೇಕು ಅನ್ನುವ ಲೆಕ್ಕದಲ್ಲಿ ನಾನು 57 ಕೆಜಿಯೊಳಗೆ ಇರಬೇಕು. ಜಿಮ್‌ನ ಹುಡುಗ ಅದನ್ನೇ ಕಾರ್ಡಿನ ಮೇಲೆ ಬರೆದುಕೊಟ್ಟಿದ್ದ. ಇಪ್ಪತ್ತೊಂದು ಕೆಜಿ ಅಂದರೆ ಯಾರಿಗಾದರೂ ಕೈಕಾಲು ಬೀಳುತ್ತದೆ. ನನ್ನ ಡಾಕ್ಟರು, ಇರುವ ತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಭಾಗ ಇಳಿದರೂ ಶುಗರ್, ಬಿಪಿಗೆ ಲಾಭವಿದೆ ಅಂದಿದ್ದರು. ನನಗೆ ಹಿಡಿಸಿದ್ದು ಆ ಮಾತು. ಮೊದಲ ಗುರಿ 74, ಆಮೇಲೆ 70.

ಆ ಎಂಟು ಕೆಜಿಯನ್ನೂ ಒಂದೇ ವರ್ಷಕ್ಕಲ್ಲ, ಆರ್ಡರ್ ಪುಸ್ತಕ ನೋಡಿ ವರ್ಷಕ್ಕೆ ಐದರಂತೆ ಹಂಚಿಕೊಂಡೆ. ಆಷಾಢದಲ್ಲಿ ಮದುವೆ ಇಲ್ಲ, ಕೆಲಸ ಕಡಿಮೆ: ಎರಡು ಕೆಜಿ. ಪಿತೃಪಕ್ಷಕ್ಕೆ ಒಂದು. ಧನುರ್ಮಾಸಕ್ಕೆ ಎರಡು. ಶ್ರಾವಣ, ದೀಪಾವಳಿ, ಯುಗಾದಿ ನಂತರದ ಮದುವೆ ಸೀಸನ್, ಇವುಗಳಲ್ಲಿ ಇಳಿಸುವ ಗುರಿಯೇ ಇಲ್ಲ, ಏರದಂತೆ ಹಿಡಿದರೆ ಸಾಕು. "ಆರು ತಿಂಗಳು ಸುಮ್ಮನಿರೋದೂ ಗುರಿನಾ ಅಕ್ಕಾ?" ಅಂದ ಜಿಮ್ ಹುಡುಗ. ಹೌದು, ಅದೇ ಕಷ್ಟದ ಗುರಿ. ರಾತ್ರಿ ಹನ್ನೊಂದರವರೆಗೆ ಹೆಮ್ಮಿಂಗ್ ಮಾಡುವಾಗ ತೂಕ ಹಿಡಿದಿಟ್ಟವರಿಗೆ ಗೊತ್ತು.

ದಿನಾ ಬೆಳಿಗ್ಗೆ ಶೌಚ ಮುಗಿಸಿ, ಟೀಗೆ ಮೊದಲು ತೂಕ ನೋಡಿ ಗೋಡೆ ಕ್ಯಾಲೆಂಡರ್‌ನಲ್ಲಿ ಬರೆಯುತ್ತೇನೆ. ಒಂದು ದಿನದ ಅಂಕಿಗೆ ಬೆಲೆ ಕೊಡುವುದಿಲ್ಲ, ಭಾನುವಾರ ಏಳು ದಿನದ ಸರಾಸರಿ ತೆಗೆಯುತ್ತೇನೆ. ಹೆಂಗಸರು ಮುಖ್ಯವಾಗಿ ಗಮನಿಸಬೇಕಾದದ್ದು ಇದು: ಮುಟ್ಟಿನ ಹಿಂದಿನ ವಾರ ನನಗೆ ಒಂದು ಒಂದೂವರೆ ಕೆಜಿ ನೀರೇ ತುಂಬಿಕೊಳ್ಳುತ್ತದೆ. ಈ ವಾರವನ್ನು ಕಳೆದ ವಾರದ ಜೊತೆ ಹೋಲಿಸಿದರೆ ಇಳಿದದ್ದೂ ಏರಿದಂತೆ ಕಾಣುತ್ತದೆ. ಮುಟ್ಟಾದ ನಂತರದ ವಾರವನ್ನು ಕಳೆದ ತಿಂಗಳ ಅದೇ ವಾರದ ಜೊತೆಗೇ ಹೋಲಿಸಬೇಕು. ಎಷ್ಟೋ ಜನ ಕೈಬಿಡುವುದು ಇಲ್ಲೇ.

ಇನ್ನೊಂದು ಪ್ರಯೋಗವನ್ನೂ ಮಾಡಿದೆ. ನಮ್ಮ ದಾವಣಗೆರೆಯಲ್ಲಿ ಸಂಜೆ ಮಂಡಕ್ಕಿ ಮಿರ್ಚಿ ತಪ್ಪಿಸಲಾಗದು. ತಿಂದ ಮರುದಿನ ಹತ್ತಿರ ಒಂದು ಕೆಜಿ ಜಾಸ್ತಿ, ಮೂರನೇ ದಿನಕ್ಕೆ ಮಾಯ. ಅದು ಉಪ್ಪು ಹಿಡಿದಿಟ್ಟ ನೀರು. ಏಕಾದಶಿ ಉಪವಾಸದ ಮರುದಿನ ಅಷ್ಟೇ ಇಳಿಯಿತು, ಅದೂ ಎರಡು ದಿನದಲ್ಲಿ ವಾಪಸ್. ಎರಡನ್ನೂ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ತಕ್ಕಡಿಗಿಂತ ನಂಬಿದ್ದು ನನ್ನ ಟೇಪನ್ನು. ಲಂಗದ ಲಾಡಿ ಕಟ್ಟುವಲ್ಲಿ ಅಳೆದರೆ ಪ್ರಯೋಜನವಿಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ, ಉಸಿರು ಬಿಟ್ಟು, ಟೇಪು ಬಿಗಿಯದೆ ಅಳೆಯಬೇಕು. 39 ಇಂಚು ಇದ್ದದ್ದು ಈಗ 35. ಹೆಂಗಸರಿಗೆ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಇಂಚಿನೊಳಗೆ ಇರಬೇಕು ಅನ್ನುತ್ತಾರೆ, ಇನ್ನೂ ದಾರಿಯಿದೆ. ಹಳೆಯ ಅಳತೆ ಬ್ಲೌಸ್ ಒಂದನ್ನು ಬಿಚ್ಚದೆ ಇಟ್ಟು ತಿಂಗಳಿಗೊಮ್ಮೆ ಹಾಕಿ ನೋಡುತ್ತೇನೆ. ಎರಡು ತಿಂಗಳು ತೂಕ ಅಲ್ಲಾಡದಿದ್ದಾಗ ಆ ಬ್ಲೌಸ್ ಪಕ್ಕದಲ್ಲಿ ಮುಕ್ಕಾಲು ಇಂಚು ಸಡಿಲವಾಗಿತ್ತು.

ಊಟದಲ್ಲಿ ದೊಡ್ಡದೇನೂ ಇಲ್ಲ. ದಿನಕ್ಕೆ ಆರು ಟೀ, ಒಂದಕ್ಕೆ ಎರಡು ಚಮಚ ಸಕ್ಕರೆ ಇತ್ತು. ಈಗ ಎರಡೇ ಟೀ. ಅನ್ನ ಅರ್ಧ, ಕಾಳಿನ ಪಲ್ಯ ಎರಡರಷ್ಟು. ಅಂಗಡಿ ತೆಗೆಯುವ ಮೊದಲು ಮುಕ್ಕಾಲು ಗಂಟೆ ನಡಿಗೆ. ಮಷೀನ್‌ಗೆ ಮೋಟರ್ ಹಾಕಿಸಿದ ಮೇಲೆ ಕಾಲಿಗೆ ಕೆಲಸವೇ ಇರಲಿಲ್ಲ. ಸಂಜೆ ಐದರ ಹಸಿವಿಗೆ ಏನು ಮಾಡುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅಂಗಡಿಗೆ ಬಂದವರಿಗೆ ಹೇಳುತ್ತೇನೆ.

ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆಯಲ್ಲಿ (ಎಚ್‌ಬಿಎ1ಸಿ) 6.3 ಇದ್ದದ್ದು 5.8 ಆಗಿದೆ. ಬರುವ ಧನುರ್ಮಾಸಕ್ಕೆ 68 ಅಂತ ಬರೆದಿಟ್ಟಿದ್ದೇನೆ. ಸೊಂಟ ಮೂವತ್ನಾಲ್ಕಕ್ಕೆ ಬಂದರೆ, 68 ಮುಟ್ಟದಿದ್ದರೂ ಆ ತಿಂಗಳು ಗೆದ್ದ ಲೆಕ್ಕವೇ.